ಫೋನಿನಲ್ಲಿ ಚಂದ್ರ: ಬೆಳಕಿನ ಲೆಕ್ಕ ಬೇರೆ, ಗಾತ್ರದ ಲೆಕ್ಕ ಬೇರೆ

ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಕಿರುಬೆರಳನ್ನು ಹುಣ್ಣಿಮೆಯ ಚಂದ್ರನಿಗೆ ಅಡ್ಡ ಹಿಡಿಯಿರಿ. ಚಂದ್ರ ಇಡಿಯಾಗಿ ಮರೆಯಾಗುತ್ತಾನೆ, ಬೆರಳಿನ ಅಗಲ ಇನ್ನೂ ಮಿಗುತ್ತದೆ. ಆಕಾಶದಲ್ಲಿ ಅವನ ಅಗಲ ಬರೀ ಅರ್ಧ ಡಿಗ್ರಿ. ಫೋನಿನ ಮುಖ್ಯ ಕ್ಯಾಮೆರಾ ಅಡ್ಡಕ್ಕೆ ಸುಮಾರು 70 ಡಿಗ್ರಿ ನೋಡುತ್ತದೆ. ಚಿತ್ರದಲ್ಲಿ ಚಂದ್ರ ಚುಕ್ಕೆಯಾಗುವುದು ಇದರಿಂದ. ಆದರೆ ಆ ಚುಕ್ಕೆ ಒಂದು ಕಲೆಯೂ ಇಲ್ಲದೆ ಬಿಳಿ ಬಲ್ಬಿನಂತೆ ಉರಿಯುತ್ತದಲ್ಲ, ಅದಕ್ಕೆ ಕಾರಣ ಬೇರೆ.

ಈ ಎರಡನ್ನೂ ಒಂದೇ ತೊಂದರೆ ಎಂದುಕೊಂಡವರು ಜೂಮ್ ಮಾಡುತ್ತಾರೆ, ನೈಟ್ ಮೋಡ್ ಹಾಕುತ್ತಾರೆ, ಕೊನೆಗೆ ಫೋನನ್ನು ಬಯ್ಯುತ್ತಾರೆ. ಉರಿಯುವ ಚುಕ್ಕೆಯದು ಬೆಳಕಿನ ತೊಂದರೆ. ಸೆಟ್ಟಿಂಗ್ ಸರಿ ಮಾಡಿದರೆ ಯಾವ ಫೋನಿನಲ್ಲೂ, ಈಗಲೇ, ಖರ್ಚಿಲ್ಲದೆ ಹೋಗುತ್ತದೆ. ಪುಟ್ಟ ಚುಕ್ಕೆಯದು ಗಾತ್ರದ ತೊಂದರೆ. ಅದು ಗಾಜಿನ, ಅಂದರೆ ಲೆನ್ಸಿನ, ವಿಚಾರ, ಯಾವ ಸೆಟ್ಟಿಂಗಿಗೂ ಬಗ್ಗುವುದಿಲ್ಲ.

ಅಲ್ಲಿ ಈಗ ಹಗಲು

ನಾವು ನಿಂತಿರುವುದು ರಾತ್ರಿಯಲ್ಲಿ, ನಿಜ. ಆದರೆ ನಾವು ತೆಗೆಯುತ್ತಿರುವುದು ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿರುವ ಒಂದು ಬಂಡೆಯ ಚಿತ್ರ. ಚಂದ್ರನ ನೆಲಕ್ಕೂ ಭೂಮಿಯ ನೆಲಕ್ಕೂ ಸೂರ್ಯನಿಂದ ಇರುವ ದೂರ ಹೆಚ್ಚುಕಡಿಮೆ ಒಂದೇ. ಆ ನೆಲ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 12 ಶೇಕಡಾವನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ, ಅಂದರೆ ಸವೆದ ಡಾಂಬರು ರಸ್ತೆಯಷ್ಟು ಕಪ್ಪು. ಮಧ್ಯಾಹ್ನದ ಬಿಸಿಲಿನಲ್ಲಿ ಡಾಂಬರು ರಸ್ತೆಯ ಫೋಟೊ ತೆಗೆಯಲು ಎಷ್ಟು ಬೆಳಕು ಸಾಕೋ ಚಂದ್ರನಿಗೂ ಸುಮಾರು ಅಷ್ಟೇ ಸಾಕು.

ಫೋನಿಗೆ ಇದು ಗೊತ್ತಾಗುವುದಿಲ್ಲ. ಅದು ಇಡೀ ಚೌಕಟ್ಟಿನ ಸರಾಸರಿ ಬೆಳಕನ್ನು ಅಳೆಯುತ್ತದೆ. ಚೌಕಟ್ಟಿನ ಬಹುಪಾಲು ಕಪ್ಪು ಆಕಾಶ. ಕತ್ತಲು ಜಾಸ್ತಿ ಎಂದುಕೊಂಡು ಶಟರನ್ನು (ಬೆಳಕು ಒಳಬಿಡುವ ಬಾಗಿಲು) ಹೆಚ್ಚು ಹೊತ್ತು ತೆರೆದಿಡುತ್ತದೆ, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸುತ್ತದೆ. ಆಕಾಶ ಬೂದುಬಣ್ಣಕ್ಕೆ ತಿರುಗುತ್ತದೆ, ಚಂದ್ರ ಸುಟ್ಟು ಬಿಳಿಯಾಗುತ್ತಾನೆ. ನೈಟ್ ಮೋಡ್ ಇದನ್ನೇ ಇನ್ನಷ್ಟು ಜೋರಾಗಿ ಮಾಡುತ್ತದೆ. ಹಾಗಾಗಿ ಮೊದಲ ಕೆಲಸ ಅದನ್ನು ಆಫ್ ಮಾಡುವುದು. ಎಚ್‌ಡಿಆರ್ (ಬೇರೆಬೇರೆ ಬೆಳಕಿನ ಚಿತ್ರಗಳನ್ನು ಬೆರೆಸುವ ಸೌಲಭ್ಯ) ಆಫ್ ಮಾಡಲು ಅವಕಾಶವಿದ್ದರೆ ಅದನ್ನೂ ಆಫ್ ಮಾಡಿ. ಫ್ಲ್ಯಾಶ್ ವಿಷಯ ಹೇಳಬೇಕಿಲ್ಲ. 3,84,400 ಕಿಲೋಮೀಟರ್ ದೂರಕ್ಕೆ ಅದು ಮುಟ್ಟುವುದಿಲ್ಲ, ಆದರೂ ಆಟೋದಲ್ಲಿ ಬಿಟ್ಟಿದ್ದರೆ ಹೊಡೆದೇ ಹೊಡೆಯುತ್ತದೆ.

ಆಟೋ ಮೋಡ್‌ನಲ್ಲಿ ಮಾಡಬೇಕಾದ್ದು ಇಷ್ಟು. ಪರದೆಯ ಮೇಲೆ ಚಂದ್ರನನ್ನು ಮುಟ್ಟಿ, ಬೆರಳನ್ನು ಎರಡು ಕ್ಷಣ ಒತ್ತಿ ಹಿಡಿಯಿರಿ. ಫೋಕಸ್ ಮತ್ತು ಎಕ್ಸ್‌ಪೋಶರ್ (ಒಳಬಿಡುವ ಬೆಳಕಿನ ಪ್ರಮಾಣ) ಎರಡೂ ಲಾಕ್ ಆಗುತ್ತವೆ. ಪಕ್ಕದಲ್ಲಿ ಸೂರ್ಯನ ಗುರುತಿನ ಒಂದು ಸ್ಲೈಡರ್ ಬರುತ್ತದೆ. ಚಂದ್ರನ ಮೇಲಿನ ಕಪ್ಪು ಬಯಲುಗಳು ಬಿಡಿಬಿಡಿಯಾಗಿ ಕಾಣುವವರೆಗೆ ಅದನ್ನು ಕೆಳಕ್ಕೆ ಎಳೆಯಿರಿ. ಸಾಕು ಅನ್ನಿಸಿದ ಮೇಲೂ ಇನ್ನೊಂದು ಚೂರು ಎಳೆಯಿರಿ. ಕತ್ತಲಲ್ಲಿ ಪರದೆ ಕಣ್ಣಿಗೆ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆ ಮೋಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಪ್ಪಗೆ ಬಂದ ಚಂದ್ರನನ್ನು ಆಮೇಲೆ ಸ್ವಲ್ಪ ಎತ್ತಬಹುದು. ಸುಟ್ಟು ಬಿಳಿಯಾದ ಜಾಗದಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ.

ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೊ ಮೋಡ್ ಇದ್ದರೆ ಲೆಕ್ಕ ಇನ್ನೂ ಸಲೀಸು. ಛಾಯಾಗ್ರಾಹಕರಲ್ಲಿ ಹಳೆಯದೊಂದು ಸೂತ್ರವಿದೆ: ಹುಣ್ಣಿಮೆಯ ಚಂದ್ರನಿಗೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/11 ಇಟ್ಟು (ಎಫ್ ಮುಂದಿನ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು), ಐಎಸ್ಒ ಎಷ್ಟಿದೆಯೋ ಸೆಕೆಂಡಿನ ಅಷ್ಟನೇ ಒಂದು ಭಾಗ ಶಟರ್ ತೆರೆ. ಐಎಸ್ಒ 100ಕ್ಕೆ 1/100 ಸೆಕೆಂಡ್. ಫೋನಿನ ಅಪರ್ಚರ್ ಸಾಮಾನ್ಯವಾಗಿ ಬದಲಾಗುವುದಿಲ್ಲ, ಎಫ್/11ಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಳಕನ್ನೂ ಒಳಗೆ ಬಿಡುತ್ತದೆ. ಆದ್ದರಿಂದ ಶಟರಿನ ವೇಗ ಏರಿಸಬೇಕು. ಎಫ್/1.8ರ ಮುಖ್ಯ ಕ್ಯಾಮೆರಾ 37 ಪಟ್ಟು ಹೆಚ್ಚು ಬೆಳಕು ಬಿಡುವುದರಿಂದ ಐಎಸ್ಒ 100ಕ್ಕೆ 1/3500 ಸೆಕೆಂಡಿನ ಆಸುಪಾಸು. ಎಫ್/2.8ರ ಟೆಲಿ (ದೂರದ್ದನ್ನು ಹತ್ತಿರ ತರುವ) ಲೆನ್ಸಾದರೆ 1/1500, ಎಫ್/3.4 ಆದರೆ 1/1000. ಇವು ಶುರುಮಾಡುವ ಅಂಕಿಗಳು. ಚಿತ್ರ ಕಪ್ಪಾಯಿತು ಅನ್ನಿಸಿದರೆ ಶಟರಿನ ಅವಧಿಯನ್ನು ಇಮ್ಮಡಿ ಮಾಡಿ. ಐಎಸ್ಒ ಮುಟ್ಟಬೇಡಿ, 50 ಅಥವಾ 100ರಲ್ಲೇ ಇರಲಿ. ಬಣ್ಣವನ್ನು ಹದಗೊಳಿಸುವ ವೈಟ್ ಬ್ಯಾಲೆನ್ಸ್ ಬಿಸಿಲಿನ ಗುರುತಿಗೆ, ಅಂದರೆ 5000ದಿಂದ 5500 ಕೆಲ್ವಿನ್. ಅದನ್ನು ಆಟೋದಲ್ಲಿ ಬಿಟ್ಟರೆ ಒಂದು ಚಿತ್ರದಲ್ಲಿ ಚಂದ್ರ ನೀಲಿ, ಮುಂದಿನದರಲ್ಲಿ ಹಳದಿ.

ಅರ್ಧಚಂದ್ರನಿಗೆ ಬೇರೆ ಅಂಕಿ. ಹುಣ್ಣಿಮೆಯ ಅರ್ಧ ಬೆಳಕು ಅಷ್ಟಮಿಯಂದು ಸಿಗಬೇಕು ಅನ್ನಿಸುತ್ತದೆ, ಸಿಗುವುದು ಸುಮಾರು ಹತ್ತರಲ್ಲಿ ಒಂದು ಭಾಗ. ಹುಣ್ಣಿಮೆಯಲ್ಲಿ ಸೂರ್ಯ ನಮ್ಮ ಬೆನ್ನ ಹಿಂದಿರುತ್ತಾನೆ, ಚಂದ್ರನ ನೆಲದ ಕಲ್ಲು-ದೂಳಿನ ನೆರಳುಗಳೆಲ್ಲ ಆಯಾ ಕಲ್ಲಿನ ಹಿಂದೆಯೇ ಅಡಗುತ್ತವೆ. ಬದಿಯಿಂದ ಬೆಳಕು ಬಿದ್ದಾಗ ಪ್ರತಿ ಕಲ್ಲಿಗೂ ನೆರಳು ಕಾಣುತ್ತದೆ, ಬೆಳಕೂ ಓರೆಯಾಗಿ ತೆಳುವಾಗಿ ಹರಡುತ್ತದೆ. ಒಟ್ಟು ಬೆಳಕು ಹತ್ತರಲ್ಲಿ ಒಂದಾದರೂ ಬೆಳಗುವ ಜಾಗವೇ ಅರ್ಧವಾದ್ದರಿಂದ ಆ ಜಾಗದ ಹೊಳಪು ಅಷ್ಟೊಂದು ಕುಸಿಯುವುದಿಲ್ಲ. ಹಾಗಾಗಿ ಅಷ್ಟಮಿಯ ಹೊತ್ತಿಗೆ ಶಟರ್ ನಾಲ್ಕು ಪಟ್ಟು ಹೊತ್ತು, ಬಿದಿಗೆ-ತದಿಗೆಯ ಗೆರೆಚಂದ್ರನಿಗೆ ಎಂಟು ಪಟ್ಟು ಹೊತ್ತು ತೆರೆದಿರಲಿ. ಚಂದ್ರ ದಿಗಂತದ ಹತ್ತಿರ ಇದ್ದರೆ ಗಾಳಿಯ ದಪ್ಪ ಪದರ ಬೆಳಕು ತಿನ್ನುತ್ತದೆ, ಆಗ ಇನ್ನೂ ಒಂದೆರಡು ಪಟ್ಟು ಬೇಕಾಗಬಹುದು.

ಈ ಅಂಕಿಗಳನ್ನು ನೋಡಿದರೆ ಇನ್ನೊಂದು ವಿಷಯವೂ ಹೊಳೆಯುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಗಿಯುವ ಚಿತ್ರಕ್ಕೆ ಕೈನಡುಕ ದೊಡ್ಡ ಶತ್ರುವಲ್ಲ. ಟ್ರೈಪಾಡ್ ಬೇಕಾಗುವುದು ಚಂದ್ರನನ್ನು ಚೌಕಟ್ಟಿನಲ್ಲಿ ನಿಲ್ಲಿಸಿಕೊಂಡು ಫೋಕಸ್ ತಿದ್ದಲು. ಗೋಡೆಗೋ ಕಂಬಕ್ಕೋ ಫೋನನ್ನು ಒತ್ತಿ ಹಿಡಿದರೂ ನಡೆಯುತ್ತದೆ. ಬಟನ್ ಒತ್ತುವಾಗ ಆಗುವ ಅಲುಗಾಟಕ್ಕೆ 3 ಸೆಕೆಂಡಿನ ಟೈಮರ್ ಸಾಕು. ತಂತಿಯ ಇಯರ್‌ಫೋನ್ ಇದ್ದರೆ ಅದರ ವಾಲ್ಯೂಮ್ ಬಟನ್ ಬಹುತೇಕ ಫೋನುಗಳಲ್ಲಿ ಶಟರಿನ ಕೆಲಸ ಮಾಡುತ್ತದೆ.

ಫೋಕಸ್, ಮತ್ತು ಫೋನು ಗುಟ್ಟಾಗಿ ಮಾಡುವ ಅದಲುಬದಲು

ಮುಖ್ಯ ಕ್ಯಾಮೆರಾದ ಲೆನ್ಸ್ ತೀರಾ ಸಣ್ಣದಾದ್ದರಿಂದ ಏಳೆಂಟು ಮೀಟರ್ ಆಚೆಗಿನದೆಲ್ಲ ಅದಕ್ಕೆ ಒಂದೇ. ಟೆಲಿ ಲೆನ್ಸಿನಲ್ಲಿ ಹಾಗಲ್ಲ, ಕೂದಲೆಳೆಯಷ್ಟು ತಪ್ಪಿದರೂ ಕಲೆಗಳು ಕರಗಿಹೋಗುತ್ತವೆ. ಆಟೋಫೋಕಸ್ ಕಪ್ಪು ಆಕಾಶದಲ್ಲಿ ಹಿಡಿಯಲು ಏನೂ ಸಿಗದೆ ಹಿಂದೆ ಮುಂದೆ ತಡಕಾಡುತ್ತದೆ. ಮ್ಯಾನುಯಲ್ ಫೋಕಸ್‌ಗೆ ಹೋಗಿ, ಪರ್ವತದ ಗುರುತಿನ ಕಡೆಗೆ ಎಳೆಯಿರಿ. ತುತ್ತತುದಿಯೇ ಅನಂತ (ಅತಿ ದೂರದ ಫೋಕಸ್) ಎಂದು ನಂಬಬೇಡಿ. ಬಿಸಿ-ಚಳಿಗೆ ಲೆನ್ಸ್ ಹಿಗ್ಗಿ ಕುಗ್ಗುವುದರಿಂದ ಹಲವು ಫೋನುಗಳಲ್ಲಿ ಸ್ಲೈಡರ್ ಅನಂತವನ್ನೂ ದಾಟಿ ಹೋಗುತ್ತದೆ. ತುದಿಯಿಂದ ಕೂದಲೆಳೆಯಷ್ಟೇ ಹಿಂದಕ್ಕೆ ಬರುತ್ತಾ ಹೋಗಿ, ಚಂದ್ರನ ಅಂಚು ಅತಿ ತೆಳ್ಳಗೆ ಕಾಣುವ ಜಾಗದಲ್ಲಿ ನಿಲ್ಲಿಸಿ. ಬಯಲುಗಳನ್ನಲ್ಲ, ಅಂಚನ್ನು ನೋಡಿ ಫೋಕಸ್ ಮಾಡುವುದು ಸುಲಭ.

ಟೆಲಿ ಲೆನ್ಸ್ ಇರುವ ಫೋನಿನಲ್ಲೂ ಚಂದ್ರ ಮಸುಕಾಗಿ ಬಂದರೆ ಮೊದಲು ಅನುಮಾನಿಸಬೇಕಾದ್ದು ಆ ಲೆನ್ಸ್ ನಿಜಕ್ಕೂ ಕೆಲಸ ಮಾಡಿತೇ ಎಂಬುದನ್ನು. ಬೆಳಕು ಸಾಲದು ಅನ್ನಿಸಿದಾಗ ಎಷ್ಟೋ ಫೋನುಗಳು ಪರದೆಯ ಮೇಲೆ 3 ಪಟ್ಟು, 5 ಪಟ್ಟು ಎಂದು ತೋರಿಸುತ್ತಲೇ ಒಳಗೊಳಗೆ ಮುಖ್ಯ ಕ್ಯಾಮೆರಾದ ಚಿತ್ರವನ್ನು ಕತ್ತರಿಸಿ ಹಿಗ್ಗಿಸಿ ಕೊಡುತ್ತವೆ. ಪರೀಕ್ಷೆ ಸುಲಭ: ಜೂಮ್ ಮಾಡಿದ ಮೇಲೆ ಹಿಂಬದಿಯ ಲೆನ್ಸುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಯಿತೋ ಚಿತ್ರ ಬರುತ್ತಿರುವುದು ಅದರಿಂದ. ಪ್ರೊ ಮೋಡ್‌ನಲ್ಲಿ ಲೆನ್ಸನ್ನು ನೀವೇ ಆರಿಸಿದರೆ ಸಾಮಾನ್ಯವಾಗಿ ಈ ಆಟ ನಿಲ್ಲುತ್ತದೆ.

ಲೆನ್ಸ್ ಒರೆಸುವುದನ್ನು ಮರೆಯಬೇಡಿ. ಚಂದ್ರನ ಸುತ್ತ ಕಾಣುವ ಪ್ರಭಾವಳಿ ಅರ್ಧಕ್ಕರ್ಧ ಸಲ ಬೆರಳಿನ ಎಣ್ಣೆಯದ್ದು, ಮೋಡದ್ದಲ್ಲ. ಕ್ಯಾಮೆರಾದ ಮೇಲೆ ಅಂಟಿಸಿದ ಅಗ್ಗದ ರಕ್ಷಣೆಯ ಗಾಜೂ ಇದನ್ನೇ ಮಾಡುತ್ತದೆ. ಕಿಟಕಿಯ ಗಾಜಿನ ಹಿಂದಿನಿಂದ ತೆಗೆದರೆ ಎರಡು ಚಂದ್ರ ಬರುವುದೂ ಉಂಟು.

ಗಾತ್ರದ ಲೆಕ್ಕ

12 ಮೆಗಾಪಿಕ್ಸೆಲ್ ಚಿತ್ರ ಅಡ್ಡಕ್ಕೆ 4000 ಪಿಕ್ಸೆಲ್. ಪೂರ್ಣ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದ 24 ಮಿಲಿಮೀಟರ್ ಲೆನ್ಸಿಗೆ ಸಮನಾದ ಮುಖ್ಯ ಕ್ಯಾಮೆರಾದಲ್ಲಿ ಒಂದು ಡಿಗ್ರಿಗೆ 48 ಪಿಕ್ಸೆಲ್ ಬೀಳುತ್ತದೆ. ಚಂದ್ರನ ಪಾಲಿಗೆ 25. ಇಪ್ಪತ್ತೈದು ಪಿಕ್ಸೆಲ್ ಅಗಲದ ಚಂದ್ರ ಆ್ಯಪಿನ ಐಕಾನ್‌ಗಿಂತ ಸಣ್ಣವನು. ಅದನ್ನು ಬೆರಳಿನಿಂದ ಹಿಗ್ಗಿಸಿದರೆ 25 ಪಿಕ್ಸೆಲ್‌ಗಳೇ ದೊಡ್ಡದಾಗುತ್ತವೆ, ಹೊಸದೇನೂ ಬರುವುದಿಲ್ಲ. ನಿಜವಾದ 5 ಪಟ್ಟಿನ ಟೆಲಿ ಲೆನ್ಸಿನಲ್ಲಿ 125 ಪಿಕ್ಸೆಲ್, 10 ಪಟ್ಟಿನದರಲ್ಲಿ 250. ಭೂಮಿಗೆ ಅತಿ ಹತ್ತಿರ ಬಂದ ಚಂದ್ರ ಅತಿ ದೂರದಲ್ಲಿದ್ದಾಗಿಗಿಂತ ಸುಮಾರು 14 ಶೇಕಡಾ ಅಗಲ ಕಾಣುತ್ತಾನೆ. ಸೂಪರ್‌ಮೂನ್ ಎಂದು ಸುದ್ದಿಯಾಗುವುದು ಇದೇ. ಮುಖ್ಯ ಕ್ಯಾಮೆರಾದ ಲೆಕ್ಕದಲ್ಲಿ ಅದು ಮೂರು ಪಿಕ್ಸೆಲ್.

ಪಿಕ್ಸೆಲ್ ಹೆಚ್ಚಿಸಿದರೆ ಆಗದೇ? 50 ಮೆಗಾಪಿಕ್ಸೆಲ್ ಮೋಡ್‌ನಲ್ಲಿ ಚಂದ್ರ 50 ಪಿಕ್ಸೆಲ್ ಅಗಲ ಆಗುತ್ತಾನೆ, ಹೌದು. ಅಲ್ಲಿಗೆ ಇನ್ನೊಂದು ಗೋಡೆ ಅಡ್ಡ ಬರುತ್ತದೆ. ಬೆಳಕು ಸಣ್ಣ ಕಿಂಡಿಯಲ್ಲಿ ತೂರುವಾಗ ಹರಡಿಕೊಳ್ಳುತ್ತದೆ, ಕಿಂಡಿ ಕಿರಿದಾದಷ್ಟೂ ಹರಡುವುದು ಹೆಚ್ಚು. ಟೆಲಿ ಲೆನ್ಸಿನ ಬಾಯಿ ಸುಮಾರು 5 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅದರಲ್ಲಿ ಚಂದ್ರನ ಮೇಲೆ 50 ಕಿಲೋಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕೆಗಳು ಬೆರೆತು ಒಂದಾಗುತ್ತವೆ. ಕೋಪರ್ನಿಕಸ್ ಕುಳಿಯ ಅಗಲ 93 ಕಿಲೋಮೀಟರ್, ಟೈಕೋ ಸುಮಾರು 85. ಅಂದರೆ ಅವು ಇವೆ ಎಂಬುದಷ್ಟೇ ಗೊತ್ತಾಗುತ್ತದೆ, ಒಳಗಿನ ಬೆಟ್ಟ, ಮೆಟ್ಟಿಲು ಮೆಟ್ಟಿಲಾದ ಗೋಡೆ ಯಾವುದೂ ಕಾಣಿಸದು. 70 ಮಿಲಿಮೀಟರ್ ಬಾಯಿಯ ಸಣ್ಣ ಟೆಲಿಸ್ಕೋಪಿನಲ್ಲಿ ಇದೇ ಮಿತಿ ಸುಮಾರು 4 ಕಿಲೋಮೀಟರಿಗೆ ಇಳಿಯುತ್ತದೆ. ಸಾಫ್ಟ್‌ವೇರ್ ಎಷ್ಟೇ ಜಾಣತನದ್ದಿರಲಿ, ಲೆನ್ಸಿನೊಳಗೆ ಬಾರದ ವಿವರವನ್ನು ಹೊರತೆಗೆಯಲಾರದು.

ಹೊರತೆಗೆಯಲಾರದು, ಆದರೆ ಹಾಕಬಲ್ಲದು. 2023ರ ಮಾರ್ಚ್‌ನಲ್ಲಿ ರೆಡಿಟ್ ಬಳಕೆದಾರರೊಬ್ಬರು ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು, ದೂರದಿಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನಿನಲ್ಲಿ ಜೂಮ್ ಮಾಡಿ ತೆಗೆದರು. ಮೂಲದಲ್ಲಿ ಇಲ್ಲದ ವಿವರಗಳು ಫೋನಿನ ಚಿತ್ರದಲ್ಲಿ ಮೂಡಿದ್ದವು. ಆಮೇಲೆ ಕಂಪನಿ ವಿವರಣೆ ಕೊಟ್ಟಿತು: 25 ಪಟ್ಟು ಮತ್ತು ಅದಕ್ಕೂ ಹೆಚ್ಚಿನ ಜೂಮ್‌ನಲ್ಲಿ ಸೀನ್ ಆಪ್ಟಿಮೈಜರ್ ಎಂಬ ಸೌಲಭ್ಯ ಚಂದ್ರನನ್ನು ಗುರುತಿಸುತ್ತದೆ, ಹಲವು ಚಿತ್ರಗಳನ್ನು ಸೇರಿಸುತ್ತದೆ, ಕೃತಕ ಬುದ್ಧಿಮತ್ತೆಯಿಂದ ವಿವರ ಹೆಚ್ಚಿಸುತ್ತದೆ, ಬೇಡವಾದರೆ ಆಫ್ ಮಾಡಬಹುದು. ಹುವಾವೇ 2019ರ ಪಿ30 ಪ್ರೊನಲ್ಲೇ ಮೂನ್ ಮೋಡ್ ತಂದಿತ್ತು. ಯಂತ್ರಕ್ಕೆ ಇದನ್ನು ಕಲಿಸುವುದು ಸುಲಭ. ಚಂದ್ರ ಸದಾ ಒಂದೇ ಮುಖವನ್ನು ನಮಗೆ ತೋರಿಸುತ್ತಾನೆ, ಭೂಮಿಯ ಯಾವ ಮೂಲೆಯಿಂದ ನೋಡಿದರೂ ಅವೇ ಕಲೆ, ಅದೇ ಜೋಡಣೆ. ಮನುಷ್ಯರ ಮುಖಕ್ಕಿಂತ ಎಷ್ಟೋ ಸಲೀಸಾದ ಪಾಠ.

ಇದು ಮೋಸವೋ ಅಲ್ಲವೋ ಎಂಬ ಜಗಳ ಇಲ್ಲಿ ಬೇಡ. ನೀವು ತೆಗೆದದ್ದು ಯಾವುದು, ಫೋನು ಬರೆದದ್ದು ಯಾವುದು ಎಂದು ತಿಳಿದಿದ್ದರೆ ಸಾಕು. ಪ್ರೊ ಮೋಡ್‌ನಲ್ಲಿ ಫೋನು ತಿದ್ದದ ರಾ ಕಡತವಾಗಿ ಒಂದು ಚಿತ್ರ, ಆಟೋದಲ್ಲಿ ಅದೇ ಜೂಮ್‌ನಲ್ಲಿ ಇನ್ನೊಂದು ತೆಗೆದು ಅಕ್ಕಪಕ್ಕ ಇಡಿ. ರಾ ಚಿತ್ರದಲ್ಲಿ ಇಲ್ಲದ ಗೆರೆ ಆಟೋದಲ್ಲಿದ್ದರೆ ಅದು ಬರೆದ ಗೆರೆ.

ಹುಣ್ಣಿಮೆಗೆ ಕಾಯಬೇಡಿ

ಎಲ್ಲರೂ ಫೋನು ಎತ್ತುವುದು ಹುಣ್ಣಿಮೆಯಂದು. ಕುಳಿಗಳನ್ನು ನೋಡುವ ಆಸೆಯಿದ್ದರೆ ತಿಂಗಳಿನಲ್ಲಿ ಅದೇ ಅತಿ ಸಪ್ಪೆ ದಿನ. ನೆರಳಿಲ್ಲದೆ ಆಳ ಕಾಣದು, ಹುಣ್ಣಿಮೆಯ ಚಂದ್ರನಲ್ಲಿ ನೆರಳೇ ಇಲ್ಲ. ಕಾಣುವುದು ಬಣ್ಣದ ವ್ಯತ್ಯಾಸ ಮಾತ್ರ: ಕಪ್ಪು ಬಯಲುಗಳು, ಟೈಕೋದಿಂದ ನಾಲ್ಕೂ ಕಡೆ ಚಿಮ್ಮಿದ ಬಿಳಿ ಪಟ್ಟೆಗಳು. ಬೆಳಕು-ಕತ್ತಲಿನ ಗಡಿ ಎಲ್ಲಿ ಹಾದುಹೋಗುತ್ತದೋ ಅಲ್ಲಿ ಸೂರ್ಯ ಈಗಷ್ಟೇ ಹುಟ್ಟುತ್ತಿರುತ್ತಾನೆ ಅಥವಾ ಮುಳುಗುತ್ತಿರುತ್ತಾನೆ. ಸಣ್ಣ ದಿಬ್ಬಕ್ಕೂ ಮೈಲುಗಟ್ಟಲೆ ನೆರಳು. ಅಮಾವಾಸ್ಯೆ ಕಳೆದು ಐದಾರನೇ ದಿನ ಆ ಗಡಿ ಥಿಯೋಫಿಲಸ್ ಕುಳಿಯ ಬಳಿ ಇರುತ್ತದೆ. ಏಳೆಂಟನೇ ದಿನ ಅಪೆನೈನ್ ಪರ್ವತಸಾಲು, ಅದರ ತೆಂಕಲಿಗೆ ಟಾಲೆಮಿ ಕುಳಿ ಮತ್ತು ಅದಕ್ಕೆ ಅಂಟಿಕೊಂಡ ಎರಡು ಕುಳಿಗಳು ಎದ್ದು ನಿಲ್ಲುತ್ತವೆ. ಒಂಬತ್ತು-ಹತ್ತನೇ ದಿನ ಕೋಪರ್ನಿಕಸ್ ಮತ್ತು ತೆಂಕಣ ತುದಿಯ ದೈತ್ಯ ಕುಳಿ ಕ್ಲೇವಿಯಸ್. ಈ ನಾಲ್ಕೈದು ಸಂಜೆಗಳು ಬೇರೆ ಕಾರಣಕ್ಕೂ ಅನುಕೂಲ: ಕತ್ತಲಾಗುವ ಹೊತ್ತಿಗೆ ಚಂದ್ರ ಆಗಲೇ ಮೇಲಿರುತ್ತಾನೆ. ಅವನು ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುವುದರಿಂದ ಹುಣ್ಣಿಮೆ ಕಳೆದ ಮೇಲೆ ನಿದ್ದೆಗೆಡಬೇಕಾಗುತ್ತದೆ.

ಎತ್ತರವೂ ಮುಖ್ಯ. ದಿಗಂತದಿಂದ 30 ಡಿಗ್ರಿ ಮೇಲಿರುವ ಚಂದ್ರನ ಬೆಳಕು ನೆತ್ತಿಯ ಮೇಲಿದ್ದಾಗಿಗಿಂತ ಇಮ್ಮಡಿ ಗಾಳಿ ದಾಟಿ ಬರುತ್ತದೆ, ಇನ್ನೂ ಕೆಳಗಿದ್ದರೆ ಇನ್ನೂ ಹೆಚ್ಚು. ಗಾಳಿ ಕುದಿಯುವ ನೀರಿನಂತೆ ಚಿತ್ರವನ್ನು ಕುಣಿಸುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿ ರಾತ್ರಿ ಬಹಳ ಹೊತ್ತಿನವರೆಗೆ ಶಾಖ ಬಿಡುತ್ತದೆ. ಅದರ ಮೇಲೆ ನಿಂತು ತೆಗೆಯುವುದಕ್ಕಿಂತ ಹುಲ್ಲಿನ ನೆಲ ವಾಸಿ.

ಬೈನಾಕ್ಯುಲರ್, ಟೆಲಿಸ್ಕೋಪ್: ಗಾಜನ್ನು ಎರವಲು ಪಡೆಯುವುದು

ಫೋನಿನ ಲೆನ್ಸಿನ ಮುಂದೆ ಇನ್ನೊಂದು ದೊಡ್ಡ ಬಾಯಿಯ ಗಾಜನ್ನು ಇಡುವುದೊಂದೇ ಗಾತ್ರದ ತೊಂದರೆಗೆ ಪ್ರಾಮಾಣಿಕ ಪರಿಹಾರ. ಕಣ್ಣಿಡುವ ಜಾಗದಲ್ಲಿ ಫೋನಿಡುವುದು, ಅಷ್ಟೇ. 10×50, ಅಂದರೆ 10 ಪಟ್ಟು ಹಿಗ್ಗಿಸುವ 50 ಮಿಲಿಮೀಟರ್ ಬಾಯಿಯ, ಬೈನಾಕ್ಯುಲರ್ ಚಂದ್ರನನ್ನು 25 ಪಿಕ್ಸೆಲ್‌ನಿಂದ ಒಂದೇ ನೆಗೆತಕ್ಕೆ 250ಕ್ಕೆ ಏರಿಸುತ್ತದೆ. 70 ಮಿಲಿಮೀಟರ್ ಬಾಯಿ, 700 ಮಿಲಿಮೀಟರ್ ನಾಭಿದೂರದ ಟೆಲಿಸ್ಕೋಪಿಗೆ 25 ಮಿಲಿಮೀಟರ್ ಐಪೀಸ್ (ಕಣ್ಣಿಡುವ ಕಡೆಯ ಲೆನ್ಸ್) ಹಾಕಿದರೆ 28 ಪಟ್ಟು, ಚಂದ್ರ 700 ಪಿಕ್ಸೆಲ್. 10 ಮಿಲಿಮೀಟರ್ ಐಪೀಸ್ ಹಾಕಿದರೆ 70 ಪಟ್ಟು, ಸುಮಾರು 1750 ಪಿಕ್ಸೆಲ್. ಈ ಟೆಲಿಸ್ಕೋಪ್ ಕೊಡಬಲ್ಲ ವಿವರವೆಲ್ಲ ಅಷ್ಟರಲ್ಲೇ ಬಂದಿರುತ್ತದೆ. ಪೆಟ್ಟಿಗೆಯ ಮೇಲೆ 500 ಪಟ್ಟು ಎಂದು ಅಚ್ಚಾಗಿದ್ದರೆ ಅದನ್ನು ಮರೆತುಬಿಡಿ, ಅದು ಮಸುಕನ್ನು ಹಿಗ್ಗಿಸುವ ಲೆಕ್ಕ.

ಕೆಲಸ ಕೆಡುವುದು ಜೋಡಿಸುವಾಗ. ಐಪೀಸಿನಿಂದ ಹೊರಬರುವ ಬೆಳಕು ಅದರ ಹಿಂದೆ ಒಂದು ನಿರ್ದಿಷ್ಟ ದೂರದಲ್ಲಿ ಪುಟ್ಟ ವೃತ್ತವಾಗಿ ಕೂಡುತ್ತದೆ. ಬಾಯಿಯ ಅಗಲವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಆ ವೃತ್ತದ ಅಗಲ ಸಿಗುತ್ತದೆ: 10×50ರಲ್ಲಿ 5 ಮಿಲಿಮೀಟರ್, 28 ಪಟ್ಟಿನ ಟೆಲಿಸ್ಕೋಪಿನಲ್ಲಿ 2.5. ಫೋನಿನ ಲೆನ್ಸ್ ಆ ವೃತ್ತದ ಮೇಲೆ ನೆಟ್ಟಗೆ ಕೂರಬೇಕು. ಅಡ್ಡಕ್ಕೆ ಒಂದೆರಡು ಮಿಲಿಮೀಟರ್ ಸರಿದರೆ ಚಿತ್ರದ ಒಂದು ಬದಿಯನ್ನು ಅವರೆಕಾಳಿನ ಆಕಾರದ ಕಪ್ಪು ನುಂಗುತ್ತದೆ. ಹಿಂದೆ ಸರಿದರೆ ಚಿತ್ರ ಸಣ್ಣ ಬಿಲದೊಳಗೆ ನೋಡಿದಂತೆ ಕಿರಿದಾಗುತ್ತದೆ. ಐಪೀಸಿನಿಂದ ಆ ವೃತ್ತಕ್ಕಿರುವ ದೂರ ಪ್ಲಾಸಲ್ ಎಂಬ ಸಾಮಾನ್ಯ ಮಾದರಿಯ ಐಪೀಸಿನಲ್ಲಿ ಅದರ ನಾಭಿದೂರದ ಮುಕ್ಕಾಲು ಪಾಲಿನ ಆಸುಪಾಸು ಇರುತ್ತದೆ, ಅಂದರೆ 25ರದಕ್ಕೆ 18 ಮಿಲಿಮೀಟರ್, 10ರದಕ್ಕೆ ಬರೀ ಏಳೆಂಟು. ಆದ್ದರಿಂದ ಮೊದಲು ದೊಡ್ಡ ಅಂಕಿಯ ಐಪೀಸಿನಿಂದಲೇ ಶುರುಮಾಡಿ. ಫೋನಿನ ಕವರ್ ಬಿಚ್ಚಿ, ಅದರ ದಪ್ಪವೇ ಕೆಲವೊಮ್ಮೆ ಚಿತ್ರ ಕೆಡಿಸುತ್ತದೆ. ಐಪೀಸಿನ ರಬ್ಬರ್ ಬಟ್ಟಲನ್ನು ಮಡಿಸಿ ಕೆಳಗಿಳಿಸಿ.

ಕೈಯಲ್ಲೇ ಹಿಡಿದು ಒಂದೆರಡು ಚಿತ್ರ ತೆಗೆಯಬಹುದು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಐಪೀಸನ್ನು ಬಳಸಿ ಹಿಡಿದು, ಅವುಗಳ ಮೇಲೆ ಫೋನನ್ನು ಒರಗಿಸುವುದು ಕ್ರಮ. ಸಾಲಾಗಿ ತೆಗೆಯಬೇಕಿದ್ದರೆ ಫೋನ್ ಅಡಾಪ್ಟರ್ ಬೇಕೇ ಬೇಕು. ಮೂರು ದಿಕ್ಕಿಗೂ ಸರಿಸಿ ಬಿಗಿಯುವ ತಿರುಪುಗಳಿರುವುದನ್ನು ಆರಿಸಿ. ಅದನ್ನು ಹಗಲಿನಲ್ಲೇ, ದೂರದ ಮರಕ್ಕೆ ಗುರಿಯಿಟ್ಟು ಹೊಂದಿಸಿಕೊಂಡರೆ ರಾತ್ರಿಯ ಪರದಾಟ ತಪ್ಪುತ್ತದೆ. ಮೊದಲು ಐಪೀಸನ್ನು ಟೆಲಿಸ್ಕೋಪಿನಿಂದ ಹೊರತೆಗೆದು ಅಡಾಪ್ಟರಿಗೆ ಬಿಗಿದು, ಪರದೆಯ ಮೇಲೆ ಬೆಳಕಿನ ವೃತ್ತ ನಡುವಿಗೆ ಬಂದ ಮೇಲೆ ಎರಡನ್ನೂ ಒಟ್ಟಿಗೆ ಟೆಲಿಸ್ಕೋಪಿಗೆ ಹಾಕುವುದು ಇನ್ನೂ ಸಲೀಸು. ಫೋನೂ ಅಡಾಪ್ಟರೂ ಸೇರಿ ಕಾಲು ಕಿಲೋಗೂ ಹೆಚ್ಚು ತೂಗಬಹುದು. ಹಗುರ ಟೆಲಿಸ್ಕೋಪಿನ ಬಾಲ ಕೆಳಕ್ಕೆ ಜಗ್ಗಿ ಚಂದ್ರ ಕಣ್ತಪ್ಪಿಸಿಕೊಳ್ಳುತ್ತಾನೆ. ಕೊಳವೆಯನ್ನು ಹಿಡಿಕೆಯಲ್ಲಿ ಮುಂದಕ್ಕೆ ಸರಿಸಿ ತೂಕ ಸರಿದೂಗಿಸಿ.

ಇಲ್ಲಿ ಯಾವಾಗಲೂ ಮುಖ್ಯ ಕ್ಯಾಮೆರಾವನ್ನೇ ಬಳಸಿ. ಹಲವು ಲೆನ್ಸಿನ ಫೋನುಗಳದು ಇಲ್ಲೂ ಅದೇ ಚಾಳಿ: ಐಪೀಸ್ ಮೂಗಿಗೆ ತಾಗುವಷ್ಟು ಹತ್ತಿರ ಇರುವುದನ್ನು ಕಂಡು ಮ್ಯಾಕ್ರೋ (ಅತಿ ಹತ್ತಿರದ ಚಿತ್ರ) ತೆಗೆಯುತ್ತಿದ್ದಾರೆ ಎಂದು ತಾವೇ ಊಹಿಸಿ, ಅಲ್ಟ್ರಾವೈಡ್ ಲೆನ್ಸಿಗೆ ಹಾರುತ್ತವೆ. ಆ ಲೆನ್ಸಿನ ಮುಂದೆ ಐಪೀಸ್ ಇಲ್ಲ, ಪರದೆ ಕಪ್ಪು. ಆಟೋ ಮ್ಯಾಕ್ರೋ ಆಫ್ ಮಾಡಿ. ಸುತ್ತಲ ಕಪ್ಪು ಅಂಚು ತೊಂದರೆ ಕೊಟ್ಟರೆ ಫೋನಿನಲ್ಲಿ ಒಂದೂವರೆ-ಎರಡು ಪಟ್ಟು ಜೂಮ್ ಮಾಡಿದರೆ ಹೋಗುತ್ತದೆ, ಆದರೆ ಅದು ಇನ್ನೊಂದು ಲೆನ್ಸಿಗೆ ಜಿಗಿಯುವ ಮಟ್ಟವನ್ನು ಮುಟ್ಟದಿರಲಿ.

ಫೋಕಸ್ ಎರಡು ಹಂತ. ಫೋನನ್ನು ಅನಂತಕ್ಕೆ ಲಾಕ್ ಮಾಡಿ, ಉಳಿದದ್ದನ್ನೆಲ್ಲ ಟೆಲಿಸ್ಕೋಪಿನ ತಿರುಪಿನಿಂದ ತಿದ್ದಿ. ಎರಡೂ ಒಟ್ಟಿಗೆ ಅಲುಗಿದರೆ ಯಾವುದು ತಪ್ಪಿತೆಂದು ಗೊತ್ತಾಗುವುದಿಲ್ಲ. ಕಣ್ಣಿನಲ್ಲಿ ಸ್ಪಷ್ಟ ಕಂಡದ್ದು ಫೋನಿನಲ್ಲಿ ಸ್ವಲ್ಪ ಮಸುಕಾಗಿಯೇ ಬರುತ್ತದೆ, ಪರದೆ ನೋಡಿಕೊಂಡೇ ಮತ್ತೊಮ್ಮೆ ತಿದ್ದಬೇಕು. ಶಟರ್ ವೇಗವೂ ಬದಲಾಗುತ್ತದೆ. ಬೆಳಕಿನ ವೃತ್ತ ಫೋನಿನ ಲೆನ್ಸಿಗಿಂತ ಸಣ್ಣದಾದಾಗ ಚಿತ್ರ ಮಬ್ಬಾಗುವುದರಿಂದ 1/3500ರ ಬದಲು 1/125, 1/250 ಇಂಥ ಅಂಕಿಗಳು ಬೇಕಾಗುತ್ತವೆ. ಚಂದ್ರ ತನ್ನ ಅಗಲದಷ್ಟು ಜಾಗವನ್ನು ಸುಮಾರು ಎರಡು ನಿಮಿಷದಲ್ಲಿ ದಾಟುತ್ತಾನೆ. 70 ಪಟ್ಟಿನಲ್ಲಿ ನೋಟದ ವೃತ್ತವೇ ಚಂದ್ರನಿಗಿಂತ ಸ್ವಲ್ಪ ದೊಡ್ಡದು, ಹಾಗಾಗಿ ಅವನನ್ನು ಓಡುವ ದಿಕ್ಕಿನ ಎದುರು ಅಂಚಿನಲ್ಲಿ ನಿಲ್ಲಿಸಿ, ಅಲುಗಾಟ ನಿಂತ ಮೇಲೆ ಅವನು ನಡುವಿಗೆ ಬರುವಾಗ ತೆಗೆಯಿರಿ.

ಗೆರೆಚಂದ್ರನನ್ನು ಹುಡುಕುವಾಗ ಒಂದು ಎಚ್ಚರಿಕೆ. ಅವನು ಸೂರ್ಯನ ಹತ್ತಿರವೇ ಇರುತ್ತಾನೆ. ಸೂರ್ಯ ಪೂರ್ತಿ ಮುಳುಗುವವರೆಗೆ ಟೆಲಿಸ್ಕೋಪನ್ನಾಗಲಿ ಬೈನಾಕ್ಯುಲರನ್ನಾಗಲಿ ಆ ಕಡೆ ತಿರುಗಿಸಬೇಡಿ. ಕಣ್ಣು ಒಂದು ಕ್ಷಣದಲ್ಲಿ ಶಾಶ್ವತವಾಗಿ ಹೋಗುತ್ತದೆ, ಫೋನಿನ ಸೆನ್ಸರೂ ಸುಡಬಹುದು.

ಫೋಟೊಗಿಂತ ವಿಡಿಯೊ

ಟೆಲಿಸ್ಕೋಪಿನ ಮೂಲಕ ನೋಡುವಾಗ ಚಂದ್ರನ ಅಂಚು ನೀರಿನಡಿಯ ನಾಣ್ಯದಂತೆ ನಡುಗುತ್ತಿರುತ್ತದೆ. ನಡುನಡುವೆ ಒಂದು ಕ್ಷಣ ಗಾಳಿ ನಿಂತಾಗ ಎಲ್ಲವೂ ತಿಳಿಯಾಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತುವುದು ಯಾರಿಂದಲೂ ಆಗದು. ಅದಕ್ಕೇ ಒಂದು ನಿಮಿಷ 4ಕೆ ವಿಡಿಯೊ ತೆಗೆಯುವುದು. ಸೆಕೆಂಡಿಗೆ 30ರಂತೆ 1800 ಚೌಕಟ್ಟುಗಳು. ಎಕ್ಸ್‌ಪೋಶರ್, ಫೋಕಸ್ ಎರಡೂ ಲಾಕ್ ಆಗಿರಲಿ, ವಿಡಿಯೊ ಸ್ಥಿರೀಕರಣ ಆರಿರಲಿ.

ಮುಂದಿನದು ಕಂಪ್ಯೂಟರಿನ ಕೆಲಸ. ಉಚಿತವಾಗಿ ಸಿಗುವ ಪಿಐಪಿಪಿ ಎಂಬ ತಂತ್ರಾಂಶ ಫೋನಿನ ವಿಡಿಯೊವನ್ನು ಬೇಕಾದ ರೂಪಕ್ಕೆ ತಂದು ಚಂದ್ರನನ್ನು ನಡುವಿಗೆ ನಿಲ್ಲಿಸುತ್ತದೆ. ಆಟೋಸ್ಟ್ಯಾಕರ್ಟ್ ಎಂಬ ಇನ್ನೊಂದು ತಂತ್ರಾಂಶ ಪ್ರತಿ ಚೌಕಟ್ಟಿನ ಸ್ಪಷ್ಟತೆ ಅಳೆದು, ಒಳ್ಳೆಯವನ್ನು ಆರಿಸಿ, ಒಂದರ ಮೇಲೊಂದು ಕೂರಿಸುತ್ತದೆ. ಗಾಳಿ ಚೆನ್ನಾಗಿದ್ದ ದಿನ 20 ಶೇಕಡಾ, ಕೆಟ್ಟಿದ್ದ ದಿನ 10 ಶೇಕಡಾ ಚೌಕಟ್ಟುಗಳನ್ನು ಇಟ್ಟುಕೊಂಡರೆ ಸಾಕು. 200 ಚೌಕಟ್ಟು ಸೇರಿದರೆ ಕಾಳುಕಾಳಾದ ಗದ್ದಲ ಸುಮಾರು ಹದಿನಾಲ್ಕು ಪಟ್ಟು ತಗ್ಗುತ್ತದೆ. ಹೊರಬಂದ ಚಿತ್ರ ಮೊದಲ ನೋಟಕ್ಕೆ ಬೆಣ್ಣೆಯಂತೆ ಮೆತ್ತಗೆ ಕಂಡು ನಿರಾಸೆಯಾಗುತ್ತದೆ. ಅದನ್ನು ಮೂರನೆಯ ತಂತ್ರಾಂಶ ರೆಜಿಸ್ಟ್ಯಾಕ್ಸ್‌ನ ವೇವ್ಲೆಟ್ (ಸಣ್ಣ ವಿವರ ಎತ್ತಿ ತೋರಿಸುವ) ಸ್ಲೈಡರುಗಳಲ್ಲಿ ತೀಡಿದಾಗ ಕುಳಿಗಳ ಗೋಡೆ ಮೇಲೇಳುತ್ತದೆ. ಒಂದೇ ಫೋಟೊವನ್ನು ಇಷ್ಟು ತೀಡಿದರೆ ಗದ್ದಲವೇ ಮೇಲೇಳುತ್ತಿತ್ತು. ಇಲ್ಲಿ ಮೂಡಿದ ವಿವರ ಯಂತ್ರ ಕಲಿತು ಬರೆದದ್ದಲ್ಲ, ಆ ರಾತ್ರಿ ಆ ಗಾಜಿನೊಳಗೆ ಬಂದದ್ದು.

ಮರದ ಹಿಂದೆ ದೊಡ್ಡ ಚಂದ್ರ

ಹುಟ್ಟುವ ಚಂದ್ರ ದೊಡ್ಡವನಾಗಿ ಕಾಣುವುದು ಮನಸ್ಸಿನ ಆಟ, ಕ್ಯಾಮೆರಾ ಅದಕ್ಕೆ ಮರುಳಾಗುವುದಿಲ್ಲ. ನೆತ್ತಿಗೆ ಬಂದಾಗಿಗಿಂತ ದಿಗಂತದಲ್ಲಿ ಅವನು ನಮ್ಮಿಂದ ಭೂಮಿಯ ತ್ರಿಜ್ಯದಷ್ಟು ದೂರವೇ ಇರುವುದರಿಂದ ಚೂರು ಸಣ್ಣವನು ಕೂಡ. ಚಿತ್ರದಲ್ಲಿ ಅವನನ್ನು ದೊಡ್ಡವನಾಗಿ ತೋರಿಸಬೇಕಾದರೆ ಮುಂದಿರುವ ವಸ್ತುವನ್ನು ಸಣ್ಣದು ಮಾಡಬೇಕು, ಅಂದರೆ ಅದರಿಂದ ದೂರ ಹೋಗಬೇಕು. ವಸ್ತುವಿನ ಎತ್ತರವನ್ನು 110ರಿಂದ ಗುಣಿಸಿದಷ್ಟು ದೂರ ನಿಂತರೆ ಅದು ಚಂದ್ರನಷ್ಟೇ ಎತ್ತರ ಕಾಣುತ್ತದೆ. ಮನುಷ್ಯನಿಗೆ ಸುಮಾರು 190 ಮೀಟರ್, 10 ಮೀಟರಿನ ಮರಕ್ಕೆ 1.1 ಕಿಲೋಮೀಟರ್. ಇದಕ್ಕೆ ಉದ್ದದ ಟೆಲಿ ಲೆನ್ಸ್ ಬೇಕು. ಎಲ್ಲಿ, ಯಾವ ಹೊತ್ತಿಗೆ ಹುಟ್ಟುತ್ತಾನೆ ಎಂಬುದನ್ನು ಸ್ಟೆಲೇರಿಯಂ ಅಥವಾ ಫೋಟೊಪಿಲ್ಸ್ ಆ್ಯಪುಗಳು ಮೊದಲೇ ತೋರಿಸುತ್ತವೆ. ಹುಣ್ಣಿಮೆಯ ಹಿಂದಿನ ದಿನ ಆರಿಸಿ. ಅಂದು ಸೂರ್ಯ ಮುಳುಗುವ ಮೊದಲೇ ಚಂದ್ರ ಹುಟ್ಟಿರುತ್ತಾನೆ, ನೆಲಕ್ಕೂ ಚಂದ್ರನಿಗೂ ಬೆಳಕು ಹೆಚ್ಚುಕಡಿಮೆ ಸಮ ಇರುತ್ತದೆ, ಒಂದೇ ಎಕ್ಸ್‌ಪೋಶರಿನಲ್ಲಿ ಎರಡೂ ಬರುತ್ತವೆ. ಪೂರ್ತಿ ಕತ್ತಲಾದ ಮೇಲೆ ಇದು ಸಾಧ್ಯವಿಲ್ಲ. ಮರ ಕಂಡರೆ ಚಂದ್ರ ಸುಡುತ್ತಾನೆ, ಚಂದ್ರ ಸರಿಯಾದರೆ ಮರ ಕತ್ತಲಲ್ಲಿ ಮುಳುಗುತ್ತದೆ.

ನೈಟ್ ಮೋಡಿನ ಬಗೆಗೆ ಹೇಳಿದ್ದೆಲ್ಲ ತಲೆಕೆಳಗಾಗುವ ಸಂದರ್ಭ ಎರಡಿವೆ. ಬಿದಿಗೆ-ತದಿಗೆಯ ಚಂದ್ರನ ಕತ್ತಲ ಭಾಗ ಮಸುಕಾಗಿ ಹೊಳೆಯುತ್ತದಲ್ಲ, ಅದು ಭೂಮಿಯಿಂದ ಹೋಗಿ ಮರಳಿದ ಬೆಳಕು. ಇನ್ನೊಂದು ಪೂರ್ಣ ಚಂದ್ರಗ್ರಹಣದ ಕೆಂಪು ಚಂದ್ರ. ಎರಡೂ ಮಾಮೂಲಿ ಚಂದ್ರನಿಗಿಂತ ಸಾವಿರಾರು ಪಟ್ಟು ಮಬ್ಬು. ಇವಕ್ಕೆ ಟ್ರೈಪಾಡ್ ನಿಜಕ್ಕೂ ಬೇಕು. ಐಎಸ್ಒ 400ರಿಂದ 800, ಅರ್ಧದಿಂದ ಎರಡು ಸೆಕೆಂಡ್. ಗೆರೆ ಸುಟ್ಟು ಬಿಳಿಯಾದರೆ ಆಗಲಿ.

ತಿದ್ದುವಾಗ

ಹೈಲೈಟ್ ತಗ್ಗಿಸಿ, ಕಾಂಟ್ರಾಸ್ಟ್ ಸ್ವಲ್ಪ ಏರಿಸಿ, ಆಕಾಶದ ಕಪ್ಪನ್ನು ಕಪ್ಪಾಗಿಸಿ. ಶಾರ್ಪ್‌ನೆಸ್‌ನಲ್ಲಿ ಕೈ ಬಿಗಿಹಿಡಿಯಿರಿ. ಚಂದ್ರನ ಅಂಚಿಗೆ ಬಿಳಿ ಗೆರೆ ಬಂದರೆ ಹದ ಮೀರಿತು ಎಂದರ್ಥ. ಚಂದ್ರನಿಂದ ದೂರದಲ್ಲಿ, ಚೌಕಟ್ಟಿನ ನಡುಬಿಂದುವಿನ ಆಚೆ ಬದಿಗೆ, ಹಸಿರು ಚುಕ್ಕೆಯೊಂದು ಕಂಡರೆ ಅದು ಗ್ರಹವಲ್ಲ. ಲೆನ್ಸಿನೊಳಗೆ ಬೆಳಕು ಪುಟಿದು ಮೂಡಿದ ಪ್ರತಿಬಿಂಬ, ಸುಟ್ಟ ಚಂದ್ರನ ಜೊತೆ ಸಾಮಾನ್ಯವಾಗಿ ಬರುತ್ತದೆ. ಅಗ್ಗದ ಟೆಲಿಸ್ಕೋಪಿನಲ್ಲಿ ಅಂಚಿಗೆ ನೇರಳೆ ಬಣ್ಣ ಕಂಡರೆ ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿ, ಚಂದ್ರ ಹೇಗೂ ಬೂದು. ಐಪೀಸಿನ ಬಳಿ ಓರೆ ಕನ್ನಡಿ ಹಾಕಿದ ಲೆನ್ಸಿನ ಟೆಲಿಸ್ಕೋಪಿನಲ್ಲಿ ಎಡಬಲ ಅದಲುಬದಲಾಗಿರುತ್ತದೆ, ದೊಡ್ಡ ಕನ್ನಡಿಯಿಂದ ಬೆಳಕು ಕೂಡಿಸುವ ನ್ಯೂಟನ್ ಮಾದರಿಯದರಲ್ಲಿ ಚಿತ್ರ ತಲೆಕೆಳಗು. ಕುಳಿಗಳ ನಕ್ಷೆಗೆ ಹೋಲಿಸುವ ಮೊದಲು ಇದನ್ನು ಸರಿಪಡಿಸಿಕೊಳ್ಳಿ. ಗೆಳೆಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ಇಲ್ಲದಿದ್ದರೆ ಚಿತ್ರ ಕುಗ್ಗುತ್ತದೆ, ಕಷ್ಟಪಟ್ಟು ಹಿಡಿದ ಕುಳಿಗಳು ದಾರಿಯಲ್ಲೇ ನುಣ್ಣಗಾಗುತ್ತವೆ.